ಮಕ್ಕಳನ್ನು ಸಾಲಾಗಿ ಕೂರಿಸಿ ಟಾನ್ಸಿಲ್ ತೆಗೆಯುತ್ತಿದ್ದರಂತೆ, ನಿಜವೇ?

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಾವು ದಾವಣಗೆರೆಯ ಕಡೆಯವರು, ಎಂಟು ವರ್ಷಗಳಿಂದ ಲಂಡನ್ನಿನಲ್ಲಿದ್ದೇವೆ. ಏಳು ವರ್ಷದ ಮಗನಿಗೆ ಮೇಲಿಂದ ಮೇಲೆ ಗಂಟಲು ನೋವು, ಜ್ವರ. ರಾತ್ರಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಾನೆ. ಟಾನ್ಸಿಲ್ ಮತ್ತು ಅಡಿನಾಯ್ಡ್ (ಮೂಗಿನ ಹಿಂದಿನ ಗ್ರಂಥಿ) ತೆಗೆಯಬೇಕಾಗಬಹುದು ಎಂದು ಇಲ್ಲಿನ ವೈದ್ಯರು ತಜ್ಞರ ಬಳಿಗೆ ಚೀಟಿ ಕೊಟ್ಟಿದ್ದಾರೆ. ಪಕ್ಕದ ಮನೆಯ ತೊಂಬತ್ತು ದಾಟಿದ ಅಜ್ಜಿಗೆ ಈ ವಿಷಯ ಹೇಳಿದಾಗ ಅವರು ಒಂದು ಕಥೆ ಹೇಳಿದರು. 1912ರ ಸುಮಾರಿಗೆ ಅವರ ತಾಯಿಯನ್ನು ಶಾಲೆಯವರೇ ಚಿಕಿತ್ಸಾಲಯಕ್ಕೆ ಕಳಿಸಿದ್ದರಂತೆ. ಆರು ಮಕ್ಕಳನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಒಬ್ಬೊಬ್ಬರನ್ನೇ ಒಳಗೆ ಕರೆದು ಟಾನ್ಸಿಲ್ ಕತ್ತರಿಸಿ, ಬಾಯಿಗೆ ಟವೆಲ್ ಹಿಡಿಸಿ ಅಂದೇ ಟ್ರಾಮಿನಲ್ಲಿ ಮನೆಗೆ ಕಳಿಸಿದರಂತೆ. ಆ ತಾಯಿಯ ತಮ್ಮನಿಗೆ ತಲೆಯಲ್ಲಿ ಹುಳುಕಡ್ಡಿಯಾಗಿದ್ದಕ್ಕೆ ಎಕ್ಸ್‌ರೇ ಹಾಯಿಸಿ ಕೂದಲೆಲ್ಲ ಉದುರಿಸಿದರಂತೆ. ತಂದೆತಾಯಿಯನ್ನು ಕೇಳುವವರೇ ಇರಲಿಲ್ಲವಂತೆ. ಇದೆಲ್ಲ ನಿಜವೇ? ನೂರು ವರ್ಷದ ಹಿಂದಿನ ಆ ಚಾಳಿಯೇ ಈಗಲೂ ನಡೆದಿದೆಯೇ? ಊರಿನಿಂದ ಅತ್ತೆಯವರು ಫೋನು ಮಾಡಿ, ಟಾನ್ಸಿಲ್ ತೆಗೆಸಿದರೆ ಮಗುವಿನ ದನಿ ಕೆಡುತ್ತದೆ, ಮೈಯ ಶಕ್ತಿ ಕುಂದುತ್ತದೆ ಎನ್ನುತ್ತಾರೆ. ಬೇಸಿಗೆ ರಜೆಗೆ ಊರಿಗೆ ಬರಲು ಟಿಕೆಟ್ ಬೇರೆ ತೆಗೆಸಿದ್ದೇವೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಅಜ್ಜಿಯ ಕಥೆ ನಿಜವೇ ಎಂಬುದು ಒಂದು, ನನ್ನ ಮಗನಿಗೂ ಅದೇ ಗತಿಯೇ ಎಂಬುದು ಇನ್ನೊಂದು. ನಿದ್ದೆ ಕೆಡಿಸಿರುವುದು ಎರಡನೆಯದೇ ಇರಬೇಕು. ಆದರೂ ಮೊದಲನೆಯದರಿಂದ ಹೊರಡುತ್ತೇನೆ, ಅದನ್ನು ಬಿಡಿಸಿದರೆ ಎರಡನೆಯದರ ಗಂಟು ತಾನಾಗಿ ಸಡಿಲವಾಗುತ್ತದೆ. ಅದಕ್ಕೂ ಮುಂಚೆ ಒಂದು ಎಚ್ಚರಿಕೆ: ಮಗ ಗೊರಕೆಯ ನಡುವೆ ಉಸಿರು ನಿಂತಂತಾಗಿ, ಆಮೇಲೆ ಏದುಸಿರಿನೊಂದಿಗೆ ಬೆಚ್ಚಿ ಎಚ್ಚರವಾಗುತ್ತಿದ್ದರೆ ಈ ಉತ್ತರ ಓದಿ ಮುಗಿಸುವ ತನಕವೂ ಕಾಯಬೇಡಿ, ಆ ವಿಷಯವನ್ನು ನಿಮ್ಮ ವೈದ್ಯರಿಗೆ ಈಗಲೇ ತಿಳಿಸಿ.

ನಾನು ಮೂವತ್ತು ಚಿಲ್ಲರೆ ವರ್ಷ ಕಿವಿ, ಮೂಗು, ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿದವನು. ನನ್ನ ಕೈಯಿಂದ ಸಾವಿರಾರು ಟಾನ್ಸಿಲ್‌ಗಳು ಹೊರಬಂದಿವೆ. ಅವುಗಳಲ್ಲಿ ಕೆಲವು ಹೊರಬರಬೇಕಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಈ ವೃತ್ತಿಯ ಹಳೆಯ ದಾಖಲೆಗಳನ್ನು ಓದುವ ಹುಚ್ಚು ಹತ್ತಿದ್ದೂ ಆ ಅಳುಕಿನಿಂದಲೇ.

ಅಜ್ಜಿ ಹೇಳಿದ್ದರಲ್ಲಿ ಹೆಚ್ಚಿನದು ನಡೆದದ್ದೇ. ‘ಕೇಳುವವರೇ ಇರಲಿಲ್ಲ’ ಎಂಬುದು ಮಾತ್ರ ಅರ್ಧ ಸತ್ಯ.

ಇಂಗ್ಲೆಂಡಿನ ಸರ್ಕಾರಕ್ಕೆ ಬಡವರ ಮಕ್ಕಳ ಮೈಯ ನೆನಪಾದದ್ದು ಸೈನ್ಯಕ್ಕೆ ಆಳು ಸಾಲದೆ ಹೋದಾಗ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧಕ್ಕೆ ಸೇರಲು ಕೈಗಾರಿಕಾ ನಗರಗಳಿಂದ ಬಂದ ಯುವಕರಲ್ಲಿ ಬಹಳ ಮಂದಿಯನ್ನು ವಾಪಸು ಕಳಿಸಬೇಕಾಯಿತು. ಒಬ್ಬನಿಗೆ ಎತ್ತರವಿಲ್ಲ, ಒಬ್ಬನಿಗೆ ಎದೆಯಿಲ್ಲ, ಇನ್ನೊಬ್ಬನ ಬಾಯಲ್ಲಿ ರೊಟ್ಟಿ ಅಗಿಯಲು ಹಲ್ಲೇ ಇಲ್ಲ. ಇದನ್ನು ವಿಚಾರಿಸಲು ಕೂತ ಸಮಿತಿ 1904ರಲ್ಲಿ ವರದಿ ಕೊಟ್ಟಿತು. 1906ರಲ್ಲಿ ಶಾಲೆಯಲ್ಲಿ ಊಟ ಕೊಡಲು ಅವಕಾಶ ನೀಡುವ ಕಾಯಿದೆ ಬಂತು. 1907ರ ಕಾಯಿದೆಯಂತೆ ಮರುವರ್ಷದಿಂದ ಪ್ರಾಥಮಿಕ ಶಾಲೆಯ ಮಕ್ಕಳ ವೈದ್ಯಕೀಯ ತಪಾಸಣೆ ಸ್ಥಳೀಯ ಶಿಕ್ಷಣ ಆಡಳಿತದ ಕರ್ತವ್ಯವಾಯಿತು. ನಮ್ಮ ದೇಶವೂ ಬಹಳ ಹಿಂದೆ ಬಿದ್ದಿರಲಿಲ್ಲ, ಬರೋಡ ನಗರದಲ್ಲಿ 1909ರಲ್ಲೇ ಶಾಲಾ ಮಕ್ಕಳ ತಪಾಸಣೆ ನಡೆದಿತ್ತು.

ಆ 1907ರ ಕಾಯಿದೆಯಲ್ಲೊಂದು ವಿಚಿತ್ರವಿತ್ತು. ಮಕ್ಕಳನ್ನು ನೋಡುವುದು ಕಡ್ಡಾಯ, ಮದ್ದು ಕೊಡುವುದು ಆಯಾ ಊರಿನ ಇಷ್ಟ. ವೈದ್ಯರು ಬಂದರು, ನಾಲಿಗೆ ಚಾಚಿಸಿದರು, ಕಿವಿ ನೋಡಿದರು, ಪಟ್ಟಿ ಬರೆದರು: ಹುಳುಕು ಹಲ್ಲು, ಸೋರುವ ಕಿವಿ, ಮೆಳ್ಳಗಣ್ಣು, ತಲೆ ತುಂಬ ಹೇನು, ದಪ್ಪ ಟಾನ್ಸಿಲ್. ‘ನಿಮ್ಮ ಮಗುವನ್ನು ವೈದ್ಯರಿಗೆ ತೋರಿಸಿ’ ಎಂಬ ಚೀಟಿ ಮನೆಗೆ ಹೋಯಿತು. ವಾರಕ್ಕೆ ಒಂದು ಪೌಂಡಿನ ಆಸುಪಾಸಿನ ಕೂಲಿಯಲ್ಲಿ ಐದಾರು ಮಕ್ಕಳನ್ನು ಸಾಕುವ ಮನೆಯಲ್ಲಿ ವೈದ್ಯರ ಫೀಸಿಗೆ ದುಡ್ಡೆಲ್ಲಿಂದ ಬರಬೇಕು? ಮುಂದಿನ ತಪಾಸಣೆಯಲ್ಲಿ ಅದೇ ಮಗು, ಅದೇ ಕಿವಿ, ಅದೇ ಚೀಟಿ.

ಈ ಪಟ್ಟಿಯಾಟಕ್ಕೆ ರೇಗಿದವರಲ್ಲಿ ಮಾರ್ಗರೆಟ್ ಮೆಕ್‌ಮಿಲನ್ ಮುಖ್ಯರು. ಬ್ರಾಡ್‌ಫರ್ಡ್‌ನ ಶಾಲಾ ಮಂಡಳಿಯ ಸದಸ್ಯರಾಗಿದ್ದಾಗಲೇ, ಚಳಿಗಾಲ ಮುಗಿಯುವ ತನಕ ಬಿಚ್ಚಬಾರದೆಂದು ಮೈಮೇಲೆಯೇ ಬಟ್ಟೆ ಹೊಲಿಸಿಕೊಂಡಿದ್ದ ಮಕ್ಕಳನ್ನು ಕಂಡವರು ಅವರು. ಅಕ್ಕ ರೇಚೆಲ್ ಜೊತೆ ಸೇರಿ, ಅಮೆರಿಕದ ಸಾಬೂನು ತಯಾರಕ ಜೋಸೆಫ್ ಫೆಲ್ಸ್ ಕೊಟ್ಟ ಹಣದಿಂದ 1908ರ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿ ಶಾಲಾ ಚಿಕಿತ್ಸಾಲಯ ತೆರೆದರು. ಸಾಬೂನಿನ ಲಾಭ ಕೊಳೆ ತೊಳೆಯಲು ಹೋದದ್ದು ನನಗೆ ಬಹಳ ಹಿಡಿಸಿದ ಸಂಗತಿ. 1910ರಲ್ಲಿ ಅದು ಡೆಟ್‌ಫರ್ಡ್‌ಗೆ ಬಂತು. ಬ್ರಾಡ್‌ಫರ್ಡ್ ನಗರವೂ 1908ರಲ್ಲೇ ತನ್ನ ಚಿಕಿತ್ಸಾಲಯ ಆರಂಭಿಸಿತ್ತು. ಹಲ್ಲಿನ ಮಟ್ಟಿಗೆ ಜರ್ಮನಿಯ ಆಡಳಿತದಲ್ಲಿದ್ದ ಸ್ಟ್ರಾಸ್‌ಬರ್ಗ್ 1902ರಲ್ಲೇ ಮುಂದಾಗಿತ್ತು, ಕೇಂಬ್ರಿಡ್ಜ್ 1907ರಲ್ಲಿ ಅದನ್ನು ಅನುಸರಿಸಿತು.

ಈ ಚಿಕಿತ್ಸಾಲಯಗಳಲ್ಲಿ ನಡೆಯುತ್ತಿದ್ದ ಕೆಲಸದಲ್ಲಿ ಮುಕ್ಕಾಲು ಪಾಲು ಅಜ್ಜಿಯ ಕಥೆಯಲ್ಲಿ ಇಲ್ಲ. ಕಥೆಯಾಗುವಂಥ ಕೆಲಸವೇ ಅದಲ್ಲ. ಸೋರುವ ಕಿವಿಯನ್ನೇ ತೆಗೆದುಕೊಳ್ಳಿ. ಮಗು ಶಾಲೆಯಿಂದ ಬರುತ್ತದೆ. ನರ್ಸ್ ಬೆಚ್ಚನೆಯ ಬೋರಿಕ್ ದ್ರಾವಣದಿಂದ ಕಿವಿ ತೊಳೆಯುತ್ತಾಳೆ, ಕಡ್ಡಿಗೆ ಸುತ್ತಿದ ಹತ್ತಿಯಿಂದ ಒರೆಸುತ್ತಾಳೆ, ಹತ್ತಿ ಒದ್ದೆಯಾಗದೆ ಹೊರಬರುವ ತನಕ ಒರೆಸುತ್ತಲೇ ಇರುತ್ತಾಳೆ. ನಾಳೆ ಮತ್ತೆ ಅದೇ. ನಾನು ಹಾವೇರಿ ಕಡೆಯ ಹಳ್ಳಿ ಶಿಬಿರಗಳಲ್ಲಿ ಮಾಡಿಸಿದ್ದೂ ಇದನ್ನೇ. ಮೂಗು ಮುಚ್ಚಿಕೊಂಡು ಸಹಪಾಠಿಗಳು ದೂರ ಕೂರಿಸುತ್ತಿದ್ದ ಹುಡುಗಿಯೊಬ್ಬಳ ಕಿವಿ ಮೂರು ವಾರಕ್ಕೆ ಒಣಗಿತು, ಅವಳು ಬೆಂಚಿನ ಮಧ್ಯಕ್ಕೆ ಬಂದಳು. ಪ್ರತಿಜೈವಿಕಗಳೇ ಇಲ್ಲದ ಕಾಲದಲ್ಲಿ ಸೋರುವ ಕಿವಿಯ ಕೀವು ಮಿದುಳಿಗೇರಿ ಮಕ್ಕಳು ಸಾಯುತ್ತಿದ್ದರು. ಆ ಹತ್ತಿ ಸುತ್ತಿದ ಕಡ್ಡಿ ಎಷ್ಟು ಜೀವ ಉಳಿಸಿತೆಂದು ಯಾರೂ ಲೆಕ್ಕ ಇಟ್ಟಿಲ್ಲ.

ಲೆಕ್ಕ ಸಿಗುವುದು ನ್ಯೂಯಾರ್ಕಿನಲ್ಲಿ. ಅಲ್ಲಿ ಹೇನು, ಕಜ್ಜಿ, ಕಣ್ಣುಬೇನೆ ಇದ್ದ ಮಕ್ಕಳನ್ನು ಶಾಲೆಯಿಂದ ಮನೆಗೆ ಅಟ್ಟುತ್ತಿದ್ದರು. 1902ರಲ್ಲಿ ಲಿನಾ ರಾಜರ್ಸ್ ಎಂಬ ನರ್ಸನ್ನು ಶಾಲೆಗಳಿಗೆ ನೇಮಿಸಿ, ಅಟ್ಟುವ ಬದಲು ಅಲ್ಲೇ ಮದ್ದು ಹಚ್ಚುವ, ಮನೆಗೆ ಹೋಗಿ ತಾಯಂದಿರಿಗೆ ತೋರಿಸಿಕೊಡುವ ಕೆಲಸ ಶುರುವಾಯಿತು. 1902ರ ಸೆಪ್ಟೆಂಬರ್‌ನಲ್ಲಿ ಶಾಲೆಯಿಂದ ಹೊರಹಾಕಿದ ಪ್ರಕರಣಗಳು 10,567 ಇದ್ದದ್ದು ಮರುವರ್ಷ ಅದೇ ತಿಂಗಳಲ್ಲಿ 1,101ಕ್ಕೆ ಇಳಿಯಿತು.

ಇನ್ನು ಟಾನ್ಸಿಲ್. ನಾಲ್ಕರಿಂದ ಎಂಟು ವರ್ಷದವರೆಗೆ ಮಕ್ಕಳ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪಗಿರುವುದು ಸಹಜ, ಆಮೇಲೆ ತಾವಾಗಿ ಕುಗ್ಗುತ್ತವೆ. ಆಗಿನ ವೈದ್ಯರು ಇದಕ್ಕೆ ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ. ಕೋಪನ್‌ಹೇಗನ್‌ನ ವಿಲ್ಹೆಲ್ಮ್ ಮೇಯರ್ 1868ರಲ್ಲಿ, ಅಡಿನಾಯ್ಡ್ ಬೆಳೆದು ಮೂಗು ಕಟ್ಟಿ ಕಿವಿ ಮಂದವಾದ ರೋಗಿಗಳಿಗೆ ಅದನ್ನು ತೆಗೆದರೆ ಗುಣವಾಗುತ್ತದೆ ಎಂದು ತೋರಿಸಿದ್ದರು. ಅದು ಅಪ್ಪಟ ಸತ್ಯ, ಇವತ್ತಿಗೂ ಸತ್ಯ. ಆದರೆ ಒಂದು ಕಾಯಿಲೆಗೆ ಹೊಂದಿದ ಕೀಲಿಯನ್ನು ಎಲ್ಲ ಬೀಗಕ್ಕೂ ಹಾಕಿ ನೋಡಿದರು. ಮಗು ಪಾಠದಲ್ಲಿ ಮಂಕು, ತೂಕ ಏರುತ್ತಿಲ್ಲ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ, ಎಲ್ಲಕ್ಕೂ ಟಾನ್ಸಿಲ್ಲೇ ಹೊಣೆ. ದೇಹದ ಯಾವುದೋ ಮೂಲೆಯಲ್ಲಿ ಕೂತ ಸೋಂಕು ಸಂಧಿ, ಹೃದಯ, ಮನಸ್ಸು ಎಲ್ಲವನ್ನೂ ಕೆಡಿಸುತ್ತದೆ ಎಂಬ ವಾದ 1910ರ ದಶಕದಲ್ಲಿ ಬಲವಾದ ಮೇಲಂತೂ ಕೇಳುವುದೇ ಬೇಡ. ಬಾಯಿ ತೆರೆಸಿದರೆ ಕಣ್ಣಿಗೆ ಬೀಳುವ ದೋಷ, ಒಂದೇ ನಿಮಿಷದಲ್ಲಿ ಮುಗಿಯುವ ಚಿಕಿತ್ಸೆ, ವಾರ್ಷಿಕ ವರದಿಯಲ್ಲಿ ಬರೆಯಲು ಒಳ್ಳೆಯ ಸಂಖ್ಯೆ. ಹಸಿವು, ಕತ್ತಲೆ ಕೋಣೆ, ಒಂದೇ ಹಾಸಿಗೆಯಲ್ಲಿ ನಾಲ್ವರು ಮಕ್ಕಳು, ಇವನ್ನು ಯಾವ ಉಪಕರಣದಿಂದ ಕತ್ತರಿಸುತ್ತೀರಿ?

ಒಂದೇ ನಿಮಿಷ ಎಂದೆ. ಗಿಲೊಟಿನ್ ಎಂಬ ಉಪಕರಣವಿತ್ತು: ಉದ್ದ ಹಿಡಿ, ತುದಿಯಲ್ಲಿ ಉಂಗುರ, ಉಂಗುರದೊಳಗೆ ಜಾರುವ ಅಲಗು. ಟಾನ್ಸಿಲ್ಲನ್ನು ಉಂಗುರದೊಳಕ್ಕೆ ತೂರಿಸಿ ಅಲಗನ್ನು ಒತ್ತಿದರೆ ಆಯಿತು. ನಗಿಸುವ ಅನಿಲ ಅಥವಾ ಈಥೈಲ್ ಕ್ಲೋರೈಡ್ ಮೂಸಿಸಿದರೆ ಮಗುವಿಗೆ ಅರಿವು ತಪ್ಪುವುದು ಸ್ವಲ್ಪವೇ ಹೊತ್ತು, ಅಷ್ಟರೊಳಗೆ ಎರಡೂ ಕಡೆ ಮುಗಿಯಬೇಕು. ಅದಕ್ಕೇ ಸಾಲು, ಅದಕ್ಕೇ ಅವಸರ. ಕೆಲವೆಡೆ ಅರಿವಳಿಕೆಯೂ ಇರುತ್ತಿರಲಿಲ್ಲ. ಒಂದೆರಡು ಗಂಟೆ ಮಲಗಿಸಿ ಮನೆಗೆ ಕಳಿಸುತ್ತಿದ್ದರು. ಟೀಕೆ ಹೆಚ್ಚಿದ ಮೇಲೆ ಒಂದು ರಾತ್ರಿ ಇರಿಸಿಕೊಳ್ಳಲು ಹಾಸಿಗೆಗಳು ಬಂದವು. ಹಾಗಾಗಿ ಟವೆಲ್ಲೂ ಟ್ರಾಮೂ ಅಜ್ಜಿಯ ಕಲ್ಪನೆಯಾಗಿರಬೇಕಿಲ್ಲ.

ಒಪ್ಪಿಗೆಯ ಮಾತಿಗೆ ಬರೋಣ. ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆಗೆ ತಂದೆತಾಯಿಯ ಒಪ್ಪಿಗೆ ಪಡೆಯುವ ಕ್ರಮವಿತ್ತು. ಆದರೆ 1908ರ ಮಕ್ಕಳ ಕಾಯಿದೆಯಂತೆ ಮಗುವಿಗೆ ಬೇಕಾದ ವೈದ್ಯಕೀಯ ನೆರವು ಒದಗಿಸದಿರುವುದು ಶಿಕ್ಷಾರ್ಹ ಅಲಕ್ಷ್ಯ. ತಲೆಯಲ್ಲಿ ಹೇನಿದ್ದರೆ ನೋಟಿಸು ಕೊಟ್ಟು 24 ಗಂಟೆ ಕಾದು, ತಾಯಿ ತೊಳೆಯದಿದ್ದರೆ ಮಗುವನ್ನು ಕರೆದೊಯ್ದು ತೊಳೆಸುವ ಅಧಿಕಾರವೂ ಅದೇ ಕಾಯಿದೆಯಲ್ಲಿತ್ತು. ಒಂದು ಕೈಯಲ್ಲಿ ಒಪ್ಪಿಗೆ ಪತ್ರ, ಇನ್ನೊಂದು ಕೈಯಲ್ಲಿ ಕಾನೂನು ಹಿಡಿದು ಬಂದವರ ಮುಂದೆ ಬಡ ತಾಯಿ ಹಾಕುವ ಸಹಿಯನ್ನು ಒಪ್ಪಿಗೆ ಎನ್ನಬೇಕೋ ಬೇಡವೋ, ನೀವೇ ಹೇಳಿ.

ಸಹಿಯೊಂದೇ ಸಾಲದೆಂಬುದಕ್ಕೆ ನ್ಯೂಯಾರ್ಕಿನ 1906ರ ಜೂನ್ ತಿಂಗಳು ಸಾಕ್ಷಿ. ಲೋಯರ್ ಈಸ್ಟ್ ಸೈಡ್‌ನ ಶಾಲೆಯೊಂದರಲ್ಲಿ ಮೌಂಟ್ ಸಿನಾಯ್ ಆಸ್ಪತ್ರೆಯ ವೈದ್ಯರು ಬಂದು ಮಕ್ಕಳ ಅಡಿನಾಯ್ಡ್ ತೆಗೆದರು. ಹೌದು, ಶಾಲೆಯಲ್ಲೇ. ಬಾಯಲ್ಲಿ ರಕ್ತ ಜಿನುಗುವ ಮಕ್ಕಳು ಮನೆಗೆ ಬಂದವು. ಅಲ್ಲಿದ್ದವರಲ್ಲಿ ಬಹುಪಾಲು ರಷ್ಯಾ ಸಾಮ್ರಾಜ್ಯದಿಂದ ಜೀವ ಉಳಿಸಿಕೊಂಡು ಬಂದ, ಯಿಡ್ಡಿಷ್ ಮಾತಾಡುವ ಯಹೂದಿಗಳು. ಅದೇ ತಿಂಗಳು ಆ ಸಾಮ್ರಾಜ್ಯದ ಬಿಯಾಲಿಸ್ಟಾಕ್ ನಗರದಲ್ಲಿ ಯಹೂದಿಗಳ ಕಗ್ಗೊಲೆಯಾದ ಸುದ್ದಿ ಬಂದಿತ್ತು. ‘ಶಾಲೆಯಲ್ಲಿ ಮಕ್ಕಳ ಕತ್ತು ಕೊಯ್ಯುತ್ತಿದ್ದಾರೆ’ ಎಂಬ ಗುಲ್ಲು ಹಬ್ಬಲು ಇನ್ನೇನು ಬೇಕು? ಸಾವಿರಾರು ತಾಯಂದಿರು ಶಾಲೆಗಳಿಗೆ ನುಗ್ಗಿದರು, ಕಿಟಕಿ ಒಡೆದರು, ಮಕ್ಕಳನ್ನು ಎಳೆದುಕೊಂಡು ಹೋದರು. ಮರುದಿನದ ಇಂಗ್ಲಿಷ್ ಪತ್ರಿಕೆಗಳಿಗೆ ಅವರು ಅಜ್ಞಾನಿ ಹೆಂಗಸರು. ನನಗೆ ಹಾಗೆ ಕಾಣುವುದಿಲ್ಲ. ಗುಲ್ಲು ಸುಳ್ಳು, ಅದರ ಹಿಂದಿನ ಭಯ ಸುಳ್ಳಲ್ಲ.

ಹುಳುಕಡ್ಡಿಯ ಕಥೆ ಬೇರೆ ಬಗೆಯದು. ಅಲ್ಲಿ ಸದುದ್ದೇಶಕ್ಕೂ ವಿಜ್ಞಾನಕ್ಕೂ ಕೊರತೆ ಇರಲಿಲ್ಲ, ಗೊತ್ತಿಲ್ಲದ್ದು ಮುಂದಿನ ಐವತ್ತು ವರ್ಷದಲ್ಲಿ ಏನಾಗುತ್ತದೆ ಎಂಬುದೊಂದೇ. ನೆತ್ತಿಯ ಹುಳುಕಡ್ಡಿ ಶಿಲೀಂಧ್ರದ ಸೋಂಕು. ಅದು ಕೂದಲಿನ ಬುಡದೊಳಗೇ ಇಳಿದಿರುವುದರಿಂದ ಮೇಲೆ ಹಚ್ಚಿದ ಮುಲಾಮು ಮುಟ್ಟುತ್ತಿರಲಿಲ್ಲ. ಮಕ್ಕಳು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಶಾಲೆಯ ಹೊರಗೆ. ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ರೇಮೋಂ ಸಬುರೋ 1904ರಲ್ಲಿ ಒಂದು ದಾರಿ ಕಂಡುಕೊಂಡರು. ಅಳತೆಯ ಎಕ್ಸ್‌ರೇ ಹಾಯಿಸಿದರೆ ಎರಡು ಮೂರು ವಾರದಲ್ಲಿ ಕೂದಲು ಬುಡಸಮೇತ ಉದುರುತ್ತದೆ, ಶಿಲೀಂಧ್ರವೂ ಅದರೊಂದಿಗೆ ಹೋಗುತ್ತದೆ, ಕೆಲವು ತಿಂಗಳಲ್ಲಿ ಹೊಸ ಕೂದಲು ಬರುತ್ತದೆ. ಅಳತೆಗೆ ಮೀಟರೇನೂ ಇರಲಿಲ್ಲ. ಚಿಕ್ಕದೊಂದು ಬಿಲ್ಲೆಯನ್ನು ಕಿರಣಕ್ಕೆ ಒಡ್ಡುತ್ತಿದ್ದರು, ಅದರ ಹಸಿರು ಬಣ್ಣ ಕಂದಿಗೆ ತಿರುಗಿ ಮಾದರಿ ಬಣ್ಣಕ್ಕೆ ಹೊಂದಿದಾಗ ಯಂತ್ರ ನಿಲ್ಲಿಸುತ್ತಿದ್ದರು. ಕಣ್ಣಂದಾಜು ತಪ್ಪಿದರೆ ಕೂದಲು ಮತ್ತೆ ಬರುತ್ತಲೇ ಇರಲಿಲ್ಲ. ಲಂಡನ್ನಿನ ಮಕ್ಕಳಿಗೂ ಈ ಚಿಕಿತ್ಸೆ ನಡೆಯಿತು, ಸಾವಿರಾರು ಮಕ್ಕಳು ಶಾಲೆಗೆ ಮರಳಿದರು. 1958ರ ಹೊತ್ತಿಗೆ ಗ್ರಿಸಿಯೊಫಲ್ವಿನ್ ಮಾತ್ರೆ ಬಂದು ಈ ಪದ್ಧತಿ ಹಿಂದೆ ಸರಿಯಿತು. ಬೆಲೆ ತಿಳಿದದ್ದು ಆಮೇಲೆ. ಇಸ್ರೇಲಿನಲ್ಲಿ ಈ ಚಿಕಿತ್ಸೆ ಪಡೆದ ಮಕ್ಕಳನ್ನು ಬರೂಖ್ ಮೊದಾನ್ ತಂಡ ಹಿಂಬಾಲಿಸಿ, ಅವರಲ್ಲಿ ಮಿದುಳು ಮತ್ತು ಥೈರಾಯ್ಡ್ ಗಡ್ಡೆಗಳು ಹೆಚ್ಚೆಂದು 1974ರಲ್ಲಿ ಪ್ರಕಟಿಸಿತು. 1994ರಲ್ಲಿ ಅಲ್ಲಿ ಪರಿಹಾರದ ಕಾಯಿದೆಯೇ ಬಂತು. ನಿಮ್ಮ ಮಗನಿಗೆ ಇದರ ಸೋಂಕೂ ಇಲ್ಲ, ಇಂದು ಹುಳುಕಡ್ಡಿಗೆ ಯಾರೂ ಎಕ್ಸ್‌ರೇ ಹಾಯಿಸುವುದಿಲ್ಲ.

ನಿಮಗೆ ಬೇಕಾದ ನಿಜವಾದ ಪಾಠ 1934ರಲ್ಲಿ ಅಮೆರಿಕನ್ ಮಕ್ಕಳ ಆರೋಗ್ಯ ಸಂಘ ಪ್ರಕಟಿಸಿದ ಸಮೀಕ್ಷೆಯಲ್ಲಿದೆ. ನ್ಯೂಯಾರ್ಕಿನ 11 ವರ್ಷದ 1,000 ಶಾಲಾ ಮಕ್ಕಳು. ಅವರಲ್ಲಿ 611 ಮಂದಿಯ ಟಾನ್ಸಿಲ್ ಆಗಲೇ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ಶಾಲಾ ವೈದ್ಯರಿಗೆ ತೋರಿಸಿದರೆ 174 ಮಂದಿಗೆ ತೆಗೆಯಬೇಕು ಎಂದರು. ‘ಬೇಡ’ ಎನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರೆ ಅವರಲ್ಲಿ 99 ಮಂದಿಗೆ ಬೇಕು ಎಂದರು. ಮತ್ತೆ ಉಳಿದ 116 ಮಕ್ಕಳನ್ನು ಮೂರನೆಯ ತಂಡಕ್ಕೆ ತೋರಿಸಿದರೆ 51 ಮಂದಿಗೆ ಬೇಕು. ಕೊನೆಗೆ ಉಳಿದವರು 65. ಆ ಹೊತ್ತಿಗೆ ತೋರಿಸಲು ವೈದ್ಯರೇ ಉಳಿದಿರಲಿಲ್ಲವಂತೆ! ಪ್ರತಿ ಸಲವೂ ಹೆಚ್ಚುಕಡಿಮೆ ನೂರಕ್ಕೆ 45. ಮಗು ಬದಲಾದರೂ ಅನುಪಾತ ಬದಲಾಗಲಿಲ್ಲ ಎಂದರೆ ಅದು ಮಗುವಿನ ಗಂಟಲಿನಲ್ಲಿ ಇರಲಿಲ್ಲ, ವೈದ್ಯರ ತಲೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ಅಲಿಸನ್ ಗ್ಲೋವರ್ ಎಂಬ ವೈದ್ಯರು 1938ರಲ್ಲಿ ಊರೂರಿನ ಅಂಕಿ ಹೋಲಿಸಿದರು. ಲಂಡನ್ನಿನ ಪಕ್ಕದ ಹಾರ್ನ್‌ಸಿಯಲ್ಲಿ 1928ರಲ್ಲಿ 186 ಟಾನ್ಸಿಲ್ ಶಸ್ತ್ರಚಿಕಿತ್ಸೆಗಳು, ಮರುವರ್ಷ 12. ನಡುವೆ ಆದದ್ದಿಷ್ಟೇ, ಶಾಲಾ ವೈದ್ಯಾಧಿಕಾರಿ ಬದಲಾದರು. ಮಕ್ಕಳಿಗೆ ಅದರಿಂದ ಕೇಡೇನೂ ಆಗಲಿಲ್ಲ.

ನಾನು ವೃತ್ತಿಗೆ ಬಂದ ಹೊಸತರಲ್ಲಿ ಈ ಅಂಕಿಗಳನ್ನು ಓದಿರಲಿಲ್ಲ. ‘ದಪ್ಪಗಿದೆ, ತೆಗೆದುಬಿಡೋಣ’ ಎನ್ನುತ್ತಿದ್ದೆ. ಹಾಗೆ ತೆಗೆದ ಹುಡುಗನೊಬ್ಬ ಏಳನೆಯ ರಾತ್ರಿ, ಬಸ್ಸೂ ಸಿಗದ ಹಳ್ಳಿಯಲ್ಲಿ ರಕ್ತ ಕಾರಿಕೊಂಡ. ಟ್ರ್ಯಾಕ್ಟರಿನಲ್ಲಿ ಕರೆತಂದರು. ಬದುಕಿದ. ಅವನ ತಂದೆ ನನ್ನನ್ನು ಬೈಯಲಿಲ್ಲ, ಕೈಮುಗಿದರು. ಆ ಕೈಮುಗಿತ ಇನ್ನೂ ಚುಚ್ಚುತ್ತದೆ.

ಈಗ ನಿಮ್ಮ ಮಗ. ಟಾನ್ಸಿಲ್ ಎಷ್ಟು ದಪ್ಪ ಎಂಬುದನ್ನು ಮರೆತು ಎರಡು ವಿಷಯ ಬೇರೆಬೇರೆ ಲೆಕ್ಕ ಹಾಕಿ. ಗಂಟಲು ನೋವಿನದು ಒಂದು. ಒಂದು ವರ್ಷದಲ್ಲಿ 7 ಸಲ, ಅಥವಾ ಎರಡು ವರ್ಷ ವರ್ಷಕ್ಕೆ 5 ಸಲ, ಅಥವಾ ಮೂರು ವರ್ಷ ವರ್ಷಕ್ಕೆ 3 ಸಲ, ಅದೂ ಜ್ವರ ಬಂದು, ನುಂಗಲಾಗದೆ, ಶಾಲೆ ತಪ್ಪುವಂಥ ನೋವು ಬಂದಿದ್ದರೆ ಶಸ್ತ್ರಚಿಕಿತ್ಸೆಯ ಮಾತಿಗೆ ಅರ್ಥವಿದೆ. ಪಿಟ್ಸ್‌ಬರ್ಗ್‌ನ ಜ್ಯಾಕ್ ಪ್ಯಾರಡೈಸ್ ತಂಡದ 1984ರ ಅಧ್ಯಯನದಿಂದ ಬಂದ ಅಳತೆಗೋಲು ಇದು. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸದ ಮಕ್ಕಳ ಪೈಕಿ ಅನೇಕರಿಗೂ ಕಾಲ ಕಳೆದಂತೆ ನೋವು ಕಡಿಮೆಯಾಯಿತು ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ‘ಮೇಲಿಂದ ಮೇಲೆ’ ಎಂದು ಬರೆದಿದ್ದೀರಿ, ಎಷ್ಟು ಸಲ ಎಂದು ಬರೆದಿಲ್ಲ. ಶಾಲೆಗೆ ಕಳಿಸಿದ ರಜೆ ಸಂದೇಶಗಳನ್ನು ತೆರೆದು ಎಣಿಸಿ. ನನ್ನ ಅನುಭವದಲ್ಲಿ ತಾಯಂದಿರ ನೆನಪಿನ ಹತ್ತು ಸಲ ಕ್ಯಾಲೆಂಡರಿನಲ್ಲಿ ನಾಲ್ಕಾಗಿರುತ್ತದೆ, ಒಮ್ಮೊಮ್ಮೆ ತಿರುವುಮುರುವೂ ಆಗುತ್ತದೆ.

ಗೊರಕೆಯದು ಇನ್ನೊಂದು, ನನಗೆ ಹೆಚ್ಚು ಮುಖ್ಯವಾಗಿ ಕಾಣುವುದೂ ಅದೇ. ಮಗು ಗಾಢ ನಿದ್ದೆಗಿಳಿದ ಮೇಲೆ ಮೊಬೈಲಿನಲ್ಲಿ ಕೆಲವು ನಿಮಿಷ ಚಿತ್ರಿಸಿ, ಎದೆ ಹೊಟ್ಟೆ ಕಾಣುವಂತಿರಲಿ. ಉಸಿರು ನಿಂತು ನಿಂತು ಬರುತ್ತಿದ್ದರೆ, ಹಗಲು ತೂಕಡಿಕೆ ಅಥವಾ ವಿಪರೀತ ಚಡಪಡಿಕೆ ಇದ್ದರೆ ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಯುವುದು ಒಳ್ಳೆಯ ಚಿಕಿತ್ಸೆ. ತೊಂದರೆ ಸೌಮ್ಯವಾಗಿದ್ದರೆ ಕಾಯಬಹುದು, ಮೂಗಿನ ಸ್ಪ್ರೇ ಕೆಲವು ವಾರ ಬಳಸಿ ನೋಡಬಹುದು. ನಿದ್ದೆಯಲ್ಲಿ ಉಸಿರು ಕಟ್ಟುವ 5ರಿಂದ 9 ವರ್ಷದ 464 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳು ತಿಂಗಳ ಬಳಿಕ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 79 ಮಂದಿಯ ನಿದ್ರಾ ಪರೀಕ್ಷೆ ಸರಿಹೋಗಿತ್ತು. ಸುಮ್ಮನೆ ಕಾದವರಲ್ಲೂ ನೂರಕ್ಕೆ 46 ಮಂದಿಗೆ ಸರಿಹೋಗಿತ್ತು.

ಅಪಾಯ ಎಷ್ಟು? ಇಂದು ಪೂರ್ಣ ಅರಿವಳಿಕೆ, ಉಸಿರಿನ ನಳಿಕೆ, ಪಕ್ಕದಲ್ಲಿ ಅರಿವಳಿಕೆ ತಜ್ಞರು ಇರುತ್ತಾರೆ, ಬೆಂಚಿನ ಕಾಲ ಹೋಯಿತು. ಆದರೂ ಇಂಗ್ಲೆಂಡಿನ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ನೂರಕ್ಕೆ ಮೂರು ನಾಲ್ಕು ಮಂದಿಗೆ ರಕ್ತಸ್ರಾವವಾಯಿತು, ಸುಮಾರು ಒಬ್ಬರನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ಯಬೇಕಾಯಿತು. ಸಾವು ಅತ್ಯಂತ ವಿರಳ, ಸೊನ್ನೆಯಲ್ಲ. ನೋವಂತೂ ವಾರ ಹತ್ತು ದಿನ ಇದ್ದೇ ಇರುತ್ತದೆ.

ಅತ್ತೆಯವರಿಗೆ ಹೀಗೆ ಹೇಳಿ: ಟಾನ್ಸಿಲ್ ತೆಗೆದ ಮಗುವಿನ ರೋಗನಿರೋಧಕ ಶಕ್ತಿ ಎದ್ದುಕಾಣುವಂತೆ ಕುಂದುವುದಿಲ್ಲ, ಆ ಕೆಲಸಕ್ಕೆ ದೇಹದಲ್ಲಿ ಬೇರೆ ಗ್ರಂಥಿಗಳು ಬೇಕಾದಷ್ಟಿವೆ. ದನಿಯ ವಿಷಯದಲ್ಲಿ ಮಾತ್ರ ಅವರ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಅಂಗುಳದಲ್ಲಿ ಹೊರಗೆ ಕಾಣದ ಸೀಳಿರುವ ಮಗುವಿಗೆ ಅಡಿನಾಯ್ಡ್ ತೆಗೆದರೆ ಮಾತು ಮೂಗಿನಲ್ಲಿ ಬರತೊಡಗಬಹುದು. ‘ಅಂಗುಳ ನೋಡಿದಿರಾ?’ ಎಂದು ತಜ್ಞರನ್ನು ಕೇಳಿ, ಅವರು ಬೇಸರಪಟ್ಟುಕೊಳ್ಳುವುದಿಲ್ಲ.

ಇನ್ನು ಟಿಕೆಟ್. ರಕ್ತಸ್ರಾವ ಆಗುವುದಾದರೆ ಮೊದಲ 24 ಗಂಟೆಯಲ್ಲಿ, ಇಲ್ಲವೇ ಗಾಯದ ಪೊರೆ ಕಳಚುವ ಐದರಿಂದ ಹತ್ತನೆಯ ದಿನದೊಳಗೆ. ಆಗ ಮಗು ವಿಮಾನದಲ್ಲೂ ಇರಬಾರದು, ಆಸ್ಪತ್ರೆಯಿಂದ ಮೂರು ಗಂಟೆ ದೂರದ ಅತ್ತೆಯವರ ಊರಿನಲ್ಲೂ ಇರಬಾರದು. ಶಸ್ತ್ರಚಿಕಿತ್ಸೆಯ ದಿನಾಂಕ ರಜೆಯ ಹತ್ತಿರ ಬಂದರೆ ನಡುವೆ ಎರಡು ವಾರಕ್ಕಿಂತ ಕಡಿಮೆ ಅಂತರ ಇರಕೂಡದು. ಉಸಿರು ಕಟ್ಟುವ ತೊಂದರೆ ಇಲ್ಲವೆಂದು ವೀಡಿಯೊ ನೋಡಿ ತಜ್ಞರು ಹೇಳಿದರೆ, ಊರಿಗೆ ಬಂದು ಹೋಗಿ, ದಿನಾಂಕವನ್ನು ಆಮೇಲೆ ತೆಗೆದುಕೊಳ್ಳಿ. ಅಷ್ಟರೊಳಗೆ ಗಂಟಲು ನೋವು ಎಷ್ಟು ಸಲ ಬಂತೆಂದು ಬರೆದಿಡಿ.